ಹದಿನೇಳನೆಯ ಸಾಲು

ಸಕ್ಕರೆ ಕಾರ್ಖಾನೆಯ ಗುಮಾಸ್ತ ಸಂಪತ್ ಕುಮಾರನಿಗೆ ಆವತ್ತು ಊಟ ಸೇರಲಿಲ್ಲ. ಕಬ್ಬು ಕಡಿಯುವ ಸರದಿಯನ್ನು ಇನ್ನು ಗುಮಾಸ್ತರಲ್ಲ, ಬೆಂಗಳೂರಿನ ಕಂಪ್ಯೂಟರು ಗೊತ್ತುಮಾಡುವುದೆಂದು ಎಪ್ಪತ್ತೆಂಟರಲ್ಲಿ ತೀರ್ಮಾನವಾಗಿತ್ತು. ಆ ಮಹಾಯಂತ್ರ ಏನೇನು ಮಾಡಬೇಕೆಂಬ ಪಟ್ಟಿಯನ್ನು ಇವನ ತಲೆಗೆ ಕಟ್ಟಿದ್ದರು. ಪ್ರತಿ ಸಾಲಿನ ಎದುರು ಅದನ್ನು ಕೇಳಿದವರ ಹೆಸರಿರಬೇಕು, ಹೆಸರಿಲ್ಲದ್ದು ರದ್ದು. ಐದಕ್ಕೆ ಪಟ್ಟಿ ಹೊತ್ತ ಜೀಪು ಹೊರಡುವುದಿತ್ತು.

ಹದಿನೇಳನೆಯ ಸಾಲಿಗೆ ಹೆಸರಿರಲಿಲ್ಲ. 'ಒಳಗದ್ದೆಯ ಸರದಿ ಮುಂಗದ್ದೆಯ ಮಾರನೆಯ ದಿನವೇ ಬರಬೇಕು.' ಬರೆಸಿದ್ದ ಹಳೆಯ ಗುಮಾಸ್ತ ಕಸ್ತೂರಿರಂಗ ಹೋದ ತಿಂಗಳು ತೀರಿಕೊಂಡಿದ್ದರು.

"ಯಾರೂ ಕೇಳದ್ದನ್ನ ಯಾಕ್ರೀ ತುಂಬಬೇಕು? ಹೊಡೆದುಹಾಕಿ," ಎಂದು ಮ್ಯಾನೇಜರ್ ರಾಮಾನುಜ ಕೆಂಪು ಪೆನ್ಸಿಲ್ ಎತ್ತಿದರು.

"ಐದರವರೆಗೆ ಟೈಮ್ ಕೊಡಿ ಸಾರ್."

ಕಸ್ತೂರಿರಂಗ ಒಂದಕ್ಷರವನ್ನೂ ಸುಮ್ಮನೆ ಬರೆದವರಲ್ಲ. ಸಾಲು ಹೋದರೆ ಯಾರದೋ ಕಬ್ಬಿಗೆ ಕುತ್ತು ಖಂಡಿತ. ಅವರ ಹಳೆಯ ಸರದಿ ಪುಸ್ತಕದಲ್ಲಿ, ಈ ಸಾಲಿನ ಪಕ್ಕದ ಅಂಚಿನಲ್ಲಿ 'ದೇವಿರಮ್ಮ, ನಿಡಘಟ್ಟ' ಎಂದಷ್ಟೇ ಇತ್ತು. ಗೆಜ್ಜಲಗೆರೆಯಲ್ಲಿ ಬಸ್ಸು ಹಿಡಿದು, ನಿಡಘಟ್ಟದಲ್ಲಿ ಇಳಿದು, ಕೇಳಿಕೊಂಡು ಹೋಗುವಷ್ಟರಲ್ಲಿ ಮೂರೂವರೆ. ದೇವಿರಮ್ಮ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು.

"ಒಳಗದ್ದೆಯ ವಿಷಯ ಕಾರ್ಖಾನೆಗೆ ಹೇಳಿದ್ದು ನೀವೇನಾ ಅಮ್ಮ?"

"ನಾನ್ಯಾಕೇಳ್ಲಿ ಸ್ವಾಮಿ? ನಿಮ್ ಪ್ಯಾಕ್ಟ್ರಿ ಬಾಗ್ಲೇ ಕಂಡಿಲ್ಲ."

"ಕಸ್ತೂರಿರಂಗಯ್ಯ ಗೊತ್ತಾ?"

"ಆ ಅಯ್ನೋರಾ! ನಂಗೆ ಗಾಡಿ ದಾರಿ ಇಲ್ಲ ಕಣಪ್ಪ. ಮುಂದ್ಲ ಗದ್ದೆ ಪುಟ್ಟರಾಜುಂದು, ಅದ್ರ ಮ್ಯಾಲೇ ಹೋಗ್ಬೇಕು. ಅವ್ನು ಕಬ್ಬು ಕಡುದು, ಉಳ್ದ ಕೂಳೆ ಮತ್ತೆ ಚಿಗುರ್ಲಿ ಅಂತ ನೀರ್ ಬುಡೋದ್ರೊಳ್ಗೆ ನನ್ ಗಾಡಿ ಆಚೆ ಬರ್ಬೇಕು. ಒಂದ್ವರ್ಸ ತಡ್ವಾಗಿ ಎಲ್ಲಾ ಗದ್ದೇಲೇ ಒಣ್ಗೋಯ್ತು. ಅಯ್ನೋರು ಬಂದು ಇಲ್ಲೇ ನಿಂತ್ಕಂಡು ನೋಡುದ್ರು. ಪುಸ್ತ್ಕದಲ್ಲಿ ಏನೋ ಬರ್ಕಂಡು ಹೋದ್ರು. ಆಮ್ಯಾಕೆ ಯಾವತ್ತೂ ತಡ್ವಾಗ್ನಿಲ್ಲ."

ಸಂಪತ್ ಕುಮಾರನಿಗೆ ನಾಚಿಕೆಯಾಯಿತು. ಇಷ್ಟು ದಿನ ಪಟ್ಟಿ ಬರೆದವನು ಒಂದು ಗದ್ದೆಗೂ ಕಾಲಿಟ್ಟಿರಲಿಲ್ಲ.

"ಹಾಗಾದ್ರೆ ಈಗ ಕೇಳಿ ಅಮ್ಮ."

"ಯಾರ್ನ?"

"ನನ್ನನ್ನೇ."

ದೇವಿರಮ್ಮ ಕುಡುಗೋಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡರು. "ಪುಟ್ಟರಾಜುಂದ್ ಕಡುದ್ ಮಾರ್ನೇ ದಿನವೇ ನಂದೂ ಕಡುಸ್ಕೊಡಿ ಸ್ವಾಮಿ."

ಅವನು ಅಲ್ಲೇ ಪಟ್ಟಿ ಬಿಚ್ಚಿ, ಹದಿನೇಳರ ಎದುರು ಹೆಸರು ಬರೆದು ಬಸ್ಸಿಗೆ ಓಡಿದ. ಕಾರ್ಖಾನೆ ಮುಟ್ಟಿದಾಗ ಡ್ರೈವರ್ ಶಿವಯ್ಯ ಜೀಪು ಚಾಲು ಮಾಡಿ ಕೂತಿದ್ದ. ರಾಮಾನುಜ ಪಟ್ಟಿ ಕಿತ್ತುಕೊಂಡರು.

"ದೇವಿರಮ್ಮ. ಇವರು ಯಾವ ಸೆಕ್ಷನ್ನು?"

"ಕಬ್ಬು ಬೆಳೆಯೋರು ಸಾರ್."

ರಾಮಾನುಜರ ಬೆರಳು ಪಟ್ಟಿಯ ತಲೆಯಿಂದ ಬುಡದವರೆಗೂ ಇಳಿಯಿತು. ನಲವತ್ತು ಸಾಲು. ಇಂಜಿನಿಯರು, ತೂಕದ ಮನೆ, ಆಫೀಸರು, ಮತ್ತೆ ಆಫೀಸರು. ಬೆರಳು ಮತ್ತೆ ಹದಿನೇಳಕ್ಕೇ ಬಂದು ನಿಂತಿತು. ಕಬ್ಬು ಬೆಳೆದವರ ಹೆಸರೆಂದರೆ ಅದೊಂದೇ.

ಅವರು ಕಿಟಕಿಯತ್ತ ತಿರುಗಿ ಕೂಗಿದರು: "ಶಿವಯ್ಯ, ಇಂಜಿನ್ ಆರಿಸಪ್ಪ. ಪಟ್ಟಿ ಇವತ್ತು ಹೋಗಲ್ಲ."