ಬೆನ್ನ ಮೇಲಿನ ಕಲೆ

ನಾನು ಒಂದು ಹಾಕಿ ಸ್ಟಿಕ್. ಹಿಪ್ಪುನೇರಳೆ ಮರದವಳು. ಜಲಂಧರದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಹಬೆಯಲ್ಲಿ ಬೇಯಿಸಿ, ಬಗ್ಗಿಸಿ, ಅಚ್ಚಿಗೆ ಕಟ್ಟಿ ಒಣಗಿಸಿದರು. ಅಷ್ಟು ಕಷ್ಟಪಟ್ಟು ತಲೆ ತಗ್ಗಿಸುವುದನ್ನು ಕಲಿತವಳಿಗೆ ಹೊಟ್ಟೆಕಿಚ್ಚು ಇರಬಾರದಿತ್ತು. ಆದರೆ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಆಡಿಕೊಳ್ಳುವುದು ಬೇಡ.

ನನಗೆ ಒಂದು ಕಡೆ ಚಪ್ಪಟೆ ಮುಖ, ಇನ್ನೊಂದು ಕಡೆ ಗುಂಡಗಿನ ಬೆನ್ನು. ಚೆಂಡನ್ನು ಮುಖದಿಂದಲೇ ಹೊಡೆಯಬೇಕು. ಬೆನ್ನಿಗೆ ತಾಗಿದರೆ ತಪ್ಪು, ಅಂಪೈರ್ ಸೀಟಿ ಊದುತ್ತಾನೆ. ಇದು ನಮ್ಮ ಕುಲದ ಮರ್ಯಾದೆ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಗದಗದ ಅಂಗಡಿಯಿಂದ ನನ್ನನ್ನು ತಂದವರು ಬೆಟಗೇರಿಯ ಪೀರಸಾಬ ಮಾಸ್ತರರು, ಶಾಲೆಯಲ್ಲಿ ಆಟ ಕಲಿಸುವವರು. ಕೊಟ್ಟಿದ್ದು ನೇಕಾರರ ಮನೆಯ ದಾನಪ್ಪನಿಗೆ. ಲಾಳಿ ಎಸೆದೂ ಎಸೆದೂ ಹದವಾದ ಮಣಿಕಟ್ಟು ಅವನದು. ಅಂಥ ಕೈ ಫಾರ್ವರ್ಡ್ ಆಟಗಾರನಿಗೇ ಇರಬೇಕು ಎಂದು ಮಾಸ್ತರರು ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು.

"ದಾನಪ್ಪ, ಎಡಕ್ಕ ಚೆಂಡ ಬಂತಂದ್ರ ಮೊದಲ ಸ್ಟಿಕ್ ತಿರವು. ರೊಟ್ಟಿ ತಿರವಿಧಾಂಗ. ಬೆನ್ನೀಲೆ ಹೊಡದಿ ಅಂದ್ರ ನನ್ನ ಹೆಸರ ಹೇಳಬ್ಯಾಡ."

ದಾನಪ್ಪ ತಿರುವುತ್ತಿದ್ದ ಚಂದವನ್ನು ಏನೆಂದು ಹೇಳಲಿ! ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಮುಖ ಎಡಕ್ಕೆ, ಚೆಂಡು ಗೋಲಿಗೆ. ಎದುರಾಳಿಗಳು ಗೋಲಾದ ಮೇಲೆ ನೋಡುತ್ತಿದ್ದರು. ರಾತ್ರಿ ನನ್ನನ್ನು ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ. ಮದುವೆಯಾದ ಮೇಲೂ ಆ ಚಟ ಬಿಡಲಿಲ್ಲ.

ಹೆಂಡತಿ ಕಸ್ತೂರಿ ಮೊದಲ ವಾರ ಸುಮ್ಮನಿದ್ದಳು. ಎರಡನೇ ವಾರ ಬಾಯಿಬಿಟ್ಟಳು.

"ಲಗ್ನ ಆಗಿದ್ದು ನನ್ನ ಜೋಡಿ, ಮಲಗೂದು ಈ ಸವತಿ ಜೋಡಿ. ಚಲೋ ಐತಿ ನಿಮ್ಮ ಸಂಸಾರ."

ಹಾಗೆ ಅಂದವಳೇ ಮರುದಿನ ತನ್ನ ಮಗ್ಗದಲ್ಲಿ ಉಳಿದಿದ್ದ ಕೆಂಪು ನೂಲು ತಂದು ನನ್ನ ಹಿಡಿಗೆ ಒತ್ತೊತ್ತಾಗಿ ಸುತ್ತಿದಳು. "ಸವತಿಗೂ ಒಂದ ಸೀರಿ ಇರಲಿ" ಎಂದಳು. ದಾನಪ್ಪ ನಕ್ಕ. ನಾನು ಗೆದ್ದವಳ ಹಮ್ಮಿನಲ್ಲಿ ಸೀರೆ ಉಟ್ಟು ನಿಂತಿದ್ದೆ. ಕಸ್ತೂರಿಯ ಮುಖವನ್ನು ನಾನು ನೋಡಲೇ ಇಲ್ಲ.

ಆ ವರ್ಷವೇ ಗಡಿ ಕಾಯುವ ಪಡೆಯೊಂದು ಅವನನ್ನು ಆಟಗಾರನೆಂದು ಸೇರಿಸಿಕೊಂಡಿತು. ಆಡುವುದೇ ನೌಕರಿ. ಕಸ್ತೂರಿ ಬೆಟಗೇರಿಯಲ್ಲಿ ಉಳಿದಳು, ನಾನು ಅವನ ಹೆಗಲೇರಿ ಲಡಾಖಿಗೆ ಹೋದೆ. ರೈಲು ಹೊರಟಾಗ ಅವಳ ಕಣ್ಣು ಅವನ ಮೇಲಿತ್ತೋ ನನ್ನ ಮೇಲಿತ್ತೋ ಗೊತ್ತಿಲ್ಲ. ನನಗಂತೂ ಒಳಗೊಳಗೇ ಖುಷಿಯಾಗಿತ್ತು.

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು.

ಅಲ್ಲಿ ಚಳಿಗಾಲ ಬಂದರೆ ಕೆರೆ ಕಲ್ಲಾಗುತ್ತದೆ. ಆ ಹಿಮದ ಮೇಲೆ ಕಬ್ಬಿಣದ ಅಲಗಿನ ಬೂಟು ಹಾಕಿಕೊಂಡು ಹಾಕಿ ಆಡುತ್ತಾರೆ. ಚೆಂಡಿನ ಬದಲು ಕರೀ ರಬ್ಬರಿನ ಬಿಲ್ಲೆ. ದಾನಪ್ಪ ಮೊದಲ ದಿನ ನನ್ನನ್ನೇ ಹಿಡಿದು ಇಳಿದ. ಎರಡು ಹೆಜ್ಜೆ ಹಾಕಿ ಬಿದ್ದ. ಎದ್ದ, ಮತ್ತೆ ಬಿದ್ದ. ನಾನು ಗಿಡ್ಡಿ, ಊರಿಕೊಳ್ಳಲು ಸಿಗಲಿಲ್ಲ. ಯಾರೋ ನನ್ನನ್ನು ಕಸಿದು ದಂಡೆಯ ಕಲ್ಲುಗಳ ಮೇಲೆ ಎಸೆದು ಅವನ ಕೈಗೆ ಅವಳನ್ನು ಕೊಟ್ಟರು.

ಅವಳು ಎಂದರೆ ಐಸ್ ಹಾಕಿಯ ಸ್ಟಿಕ್. ಗದ್ದದವರೆಗೆ ಉದ್ದ, ಬಡಕಲು ಮೈ, ಕಾಲಿಗೆ ಕರೀ ಪಟ್ಟಿ. ನಾಚಿಕೆಯ ಮಾತಂತೂ ಕೇಳಲೇಬೇಡಿ. ಎರಡು ಕಡೆಯಿಂದಲೂ ಹೊಡೆಯಬಹುದು, ಎರಡೂ ನ್ಯಾಯವೇ! ಬೆನ್ನು ಎಂಬುದೇ ಇಲ್ಲದ ಹೆಣ್ಣು. ಅವಳನ್ನು ಊರಿಕೊಂಡು ದಾನಪ್ಪ ನಿಂತ, ಜಾರಿದ, ಆಮೇಲೆ ಹಾರಿದ. ಆ ವೇಗವನ್ನು ನಾನು ಅವನಿಗೆ ಎಂದೂ ಕೊಟ್ಟಿರಲಿಲ್ಲ. ಅವನ ಮುಖದಲ್ಲಿ ಅಂಥ ನಗುವನ್ನೂ ಕಂಡಿರಲಿಲ್ಲ. ಕಲ್ಲಿನ ಮೇಲೆ ಬಿದ್ದಲ್ಲೇ ನನ್ನ ಹೊಟ್ಟೆ ಉರಿಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ನಾಲ್ಕು ದಿನ ಆಡಿ ಬಿಡುತ್ತಾನೆ ಎಂದುಕೊಂಡೆ. ಬಿಡಲಿಲ್ಲ. ಪಡೆಯ ತಂಡದಲ್ಲಿ ಫಾರ್ವರ್ಡ್ ಆದ. ಒಂದು ಮಧ್ಯಾಹ್ನ ಬಂದು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡ. ನನ್ನ ಜೀವ ಹೂವಾಯಿತು. ಆದರೆ ಅವನು ನನ್ನ ಕೆಂಪು ನೂಲು ಬಿಚ್ಚಿ, ಚಳಿಗೆ ಕೈ ಜಾರದಿರಲೆಂದು ಅವಳ ಹಿಡಿಗೆ ಸುತ್ತಿದ. ನನ್ನನ್ನು ಬರಿಮೈಯಲ್ಲಿ ಟ್ರಂಕಿಗೆ ಹಾಕಿದ, ಡಾಂಬರು ಗುಳಿಗೆಗಳ ಜೊತೆ.

ಹನ್ನೊಂದು ಚಳಿಗಾಲ. ಟ್ರಂಕಿನಲ್ಲಿ ನನಗಿದ್ದ ಕೆಲಸ ಒಂದೇ, ಅವಳು ಮುರಿಯಲಿ ಎಂದು ಬೇಡುವುದು. ಮೂರನೇ ಚಳಿಗಾಲ ನಿಜವಾಗಿಯೂ ಮುರಿದಳು. ಆ ಸುದ್ದಿ ಕೇಳಿ ಕುಣಿಯುವಷ್ಟು ಖುಷಿಯಾಯಿತು. ಮರುದಿನ ಅವಳ ತಂಗಿಯಂಥವಳು ಇನ್ನೊಬ್ಬಳು ಬಂದಳು, ನೂಲು ಅವಳ ಮೈಗೆ ಹೋಯಿತು. ಗೆದ್ದ ಕಪ್ಪಿನ ಜೊತೆ ದಾನಪ್ಪ ತೆಗೆಸಿಕೊಂಡ ಫೋಟೋದಲ್ಲಿ ಅವಳು ಅವನ ಭುಜಕ್ಕೆ ಒರಗಿದ್ದಾಳೆ. ಆ ಫೋಟೋವನ್ನು ಅವನು ಇಟ್ಟಿದ್ದು ನನ್ನ ಟ್ರಂಕಿನಲ್ಲೇ, ನನ್ನ ಎದೆಯ ಮೇಲೆ!

ಕೊನೆಗೆ ಒಂದು ಪಂದ್ಯದಲ್ಲಿ ಅಂಕಣದ ಅಂಚಿನ ಹಲಗೆಗೆ ಬಡಿದು ಮೊಣಕಾಲು ಹೋಯಿತು. ಐಸ್ ಹಾಕಿ ಮುಗಿಯಿತು ಎಂದರು ಡಾಕ್ಟರು. ನೌಕರಿ ಬಿಟ್ಟು ಬೆಟಗೇರಿಗೆ ಮರಳಿದ. ಅವನ ಕಾಲಿಗೆ ಮರುಗಬೇಕಾದ ನಾನು, ಪಾಪಿ, ಇನ್ನು ಇವನು ನನ್ನವನು ಎಂದು ಲೆಕ್ಕ ಹಾಕಿದೆ. ಅವಳೂ ನಮ್ಮ ಜೊತೆ ಬಂದಳು, ನನ್ನ ನೂಲು ಉಟ್ಟುಕೊಂಡೇ. ಅವಳಿಗೆ ಅಟ್ಟದ ಮೂಲೆ.

ವರ್ಷ ಕಳೆದು ಕಾಲು ಓಡುವಷ್ಟಾದಾಗ ಪೀರಸಾಬ ಮಾಸ್ತರರು ಕೋಲೂರಿಕೊಂಡು ಬಂದರು. ದಾನಪ್ಪ ಹೋದಾಗಿನಿಂದ ಊರಿನ ಹಾಕಿ ಕ್ಲಬ್ಬಿಗೆ ಶೀಲ್ಡ್ ಬಂದಿರಲಿಲ್ಲ.

"ಈ ಸಲ ಫೈನಲ್ ಮುಟ್ಟೇವಿ. ನನಗ ಇನ್ನೊಂದ ಫೈನಲ್ ನೋಡೂ ಆಯುಷ್ಯ ಇಲ್ಲೋ ದಾನಪ್ಪ. ಕಡೀಕ ಒಂದೀಟರ ಆಡು."

"ಆಡತೇನ್ರಿ ಸರ" ಎಂದು ಅವನು ಟ್ರಂಕು ತೆರೆದ.

ಬೆಳಕು ಕಣ್ಣಿಗೆ ಚುಚ್ಚಿತು. ಅವನ ಬೆರಳು ನನ್ನ ಬರಿಯ ಹಿಡಿಯನ್ನು ಹಿಡಿದವು. ಹನ್ನೆರಡು ವರ್ಷದ ಸಿಟ್ಟನ್ನು ನಾನು ಅಲ್ಲೇ ಮರೆತೆ.

ಮೈದಾನ ತುಂಬಿತ್ತು. ಮಾಸ್ತರರು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಎರಡೂ ಕಡೆ ಒಂದೊಂದು ಗೋಲು, ಉಳಿದಿದ್ದು ಎರಡು ನಿಮಿಷ. ಆಗ ದಾನಪ್ಪನನ್ನು ಆಟಕ್ಕೆ ಇಳಿಸಿದರು. ಚೆಂಡು ಬಂತು, ಅವನ ಎಡಕ್ಕೆ. ಗೋಲ್‌ಕೀಪರ್ ಬಿದ್ದಿದ್ದ, ಗೋಲು ಬಾಯಿ ತೆರೆದಿತ್ತು. ನಾನು ತಿರುಗಲು ತಯಾರಾದೆ.

ಅವನು ತಿರುವಲಿಲ್ಲ. ನನ್ನ ಬೆನ್ನಿನಿಂದ ಬಾರಿಸಿದ.

ಚೆಂಡು ಬಲೆಗೆ ಹೋಯಿತು. ಜನ ಎದ್ದು ಕೂಗಿದರು. ಸೀಟಿ ಊದಿದ ಅಂಪೈರ್ ತನ್ನ ಅಂಗೈ ತಿರುವಿ ಹಿಂಬದಿ ತೋರಿಸಿದ. ಗೋಲು ಇಲ್ಲ. ನಮ್ಮವರು ತಲೆಯ ಮೇಲೆ ಕೈಹೊತ್ತು ನಿಂತಿದ್ದಾಗಲೇ ಎದುರಾಳಿಗಳು ಚೆಂಡು ಒಯ್ದು ನಮಗೆ ಗೋಲು ಹೊಡೆದರು.

ನನ್ನ ಬೆನ್ನು ಸಿಡಿದು ಕಲೆಯಾಗಿತ್ತು. ಆ ನೋವು ದೊಡ್ಡದಲ್ಲ. ಕೈಯಲ್ಲಿ ನನ್ನನ್ನು ಹಿಡಿದು ಅವನು ಅವಳನ್ನು ಆಡಿಸಿದ್ದ. ಹೆಂಡತಿಯನ್ನು ಇನ್ನೊಬ್ಬಳ ಹೆಸರಿನಿಂದ ಕರೆದ ಹಾಗೆ, ಅದೂ ಊರೆಲ್ಲ ನೋಡುತ್ತಿರುವಾಗ.

ಮಾಸ್ತರರು ಬೈಯಲಿಲ್ಲ. "ರೊಟ್ಟಿ ತಿರವೂದು ಮರತಿ" ಎಂದಷ್ಟೇ ಹೇಳಿ ಕುರ್ಚಿಯಿಂದ ಎದ್ದರು. ಮುಂದಿನ ಫೈನಲ್ ಅವರು ನೋಡಲಿಲ್ಲ.

ಅಂದು ಸಂಜೆ ದಾನಪ್ಪ ಕಟ್ಟೆಯ ಮೇಲೆ ನನ್ನನ್ನು ಹಿಡಿದು ಕೂತಿದ್ದ.

"ಕೈ ಮೋಸ ಮಾಡ್ತು ನೋಡು" ಎಂದ.

"ಕೈ ಅಲ್ಲ" ಎಂದಳು ಕಸ್ತೂರಿ. "ಮನಸು ಇನ್ನೂ ಅಲ್ಲೇ ಐತಿ ನಿಮ್ದು. ಇಲ್ಲೆ ಇದ್ದಾಗ ಯಾವತ್ತ ಇಲ್ಲೆ ಇದ್ರಿ ನೀವು?"

ಕಸ್ತೂರಿ ಅಟ್ಟ ಹತ್ತಿ ಆ ಐಸ್ ಹಾಕಿಯವಳನ್ನು ಇಳಿಸಿದಳು, ಮಾಸಿದ ಕೆಂಪು ನೂಲನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಅವನ ಕೈಯಿಂದ ನನ್ನನ್ನು ತೆಗೆದುಕೊಂಡು ನನ್ನ ಹಿಡಿಗೆ ಸುತ್ತತೊಡಗಿದಳು. ಆಗ ನನಗೊಬ್ಬಳಿಗೇ ಕೇಳುವಂತೆ ಅಂದಳು:

"ನಿನ್ನ ಕಂಡು ಎಷ್ಟ ಉರಕೊಂಡೇನಿ ನಾ. ನೀನೂ ಟ್ರಂಕಿನ್ಯಾಗ ಬಿದ್ದಿದ್ದಿ ಅಂತ ಗೊತ್ತಿದ್ರ, ಅರ್ಧರ ಉರಿ ಕಡಿಮಿ ಆಗತಿತ್ತು."

ಈಗ ನನಗೂ ವಯಸ್ಸಾಗಿದೆ. ಮಾಸ್ತರರ ಜಾಗದಲ್ಲಿ ದಾನಪ್ಪ ಊರ ಹುಡುಗಿಯರಿಗೆ ಹಾಕಿ ಕಲಿಸುತ್ತಾನೆ. ನಾನು ಚೆಂಡು ಮುಟ್ಟುವುದಿಲ್ಲ. ನನ್ನ ಬೆನ್ನು ತಿರುವಿ ಕಲೆ ತೋರಿಸುತ್ತಾನೆ. "ಇಲ್ಲೆ ಬಡದರ ಏನ ಹೋಗತೈತಿ ಅಂತ ನನ್ನ ಕೇಳ್ರಿ" ಅನ್ನುತ್ತಾನೆ. ಹುಡುಗಿಯರು ರೊಟ್ಟಿ ತಿರುವಿದ ಹಾಗೆ ತಿರುವುತ್ತಾರೆ.

ಮುಖದಿಂದ ಹೊಡೆದ ನೂರಾರು ಗೋಲುಗಳ ಗುರುತು ನನ್ನ ಮೈಮೇಲೆ ಒಂದೂ ಇಲ್ಲ. ಸಂಜೆ ಕಟ್ಟೆಯ ಮೇಲೆ ಕೂತಾಗ ಅವನ ಹೆಬ್ಬೆರಳು ತಾನಾಗಿ ಹೋಗುವುದು ಆ ಕಲೆಯ ಹತ್ತಿರವೇ. ಮೆಲ್ಲಗೆ ಸವರುತ್ತಾನೆ, ಕಣ್ಣು ಎಲ್ಲೋ ದೂರ ಇರುತ್ತದೆ. ಮೈ ನನ್ನದು, ಅವನು ಮುಟ್ಟುತ್ತಿರುವುದು ಹಿಮದ ಮೇಲಿನ ಅವಳನ್ನು. ಗೊತ್ತಾಗದಷ್ಟು ದಡ್ಡಿ ನಾನಲ್ಲ.

ನಿನ್ನೆ ಹಾಗೆ ಕೂತಿದ್ದಾಗ ಕಸ್ತೂರಿ ಚಹಾ ತಂದಳು. ಅವನು ನೋಡಲಿಲ್ಲ. ಅವಳು ಕಪ್ಪು ಹಿಡಿದುಕೊಂಡು ಅವನ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಈ ಸಲ ನಾನು ಅವಳ ಮುಖ ನೋಡಿದೆ.