ಗೋಲಿಗೆ ಯಾರು?

"ತೀರ್ಥಪ್ರಸಾದಣ್ಣ ಇನ್ಮೇಲೆ ಮುಂದೆ ನಿಲ್ಲೋದು ಬ್ಯಾಡ, ಹಿಂದಕ್ಕೆ ಹಾಕಿ," ಅಂದಳು ಉಷಾರಾಣಿ. "ಅವ್ರ ಕೈಲಿ ಓಡಕ್ಕಾಗಲ್ಲ, ನಿಜ. ಆದ್ರೆ ಅವ್ರನ್ನ ದಾಟ್ಕಂಡು ಓಡಕ್ಕೆ ಬೇರೆಯೋರ ಕೈಲೂ ಆಗಲ್ಲ. ಆಳು ಹಂಗವ್ರೆ, ಬಾಗ್ಲಿಗೆ ಅಡ್ಡ ಇಟ್ಟ ರಾಗಿ ಮೂಟೆಯಂಗೆ."

ಶಾಲೆಯ ಜಗಲಿಯಲ್ಲಿ ಸಭೆ ಸೇರಿದ್ದ ನವಜ್ಯೋತಿ ಫುಟ್‌ಬಾಲ್ ಕ್ಲಬ್ಬಿನವರೆಲ್ಲ ಗೊಳ್ಳೆಂದು ನಕ್ಕರು. ಕ್ಯಾಪ್ಟನ್ ತೀರ್ಥಪ್ರಸಾದ್ ಒಮ್ಮೆ ತನ್ನ ಹೊಟ್ಟೆಯನ್ನು ನೋಡಿಕೊಂಡು, ಮಾತಿನಲ್ಲಿ ಸುಳ್ಳೇನೂ ಕಾಣದೆ, ತಾನೂ ನಕ್ಕ. ಅಧ್ಯಕ್ಷ ಸೋಮಯ್ಯನವರು ಮಾತ್ರ ನಗಲಿಲ್ಲ. ಮಿಲಿಟರಿಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬಂದ ಮೇಲೆ ಈ ಕ್ಲಬ್ಬನ್ನು ಕಟ್ಟಿದವರು ಅವರು. ಮೂರು ವರ್ಷಗಳಿಂದ ಅದು ಎಲ್ಲಿ ಆಡಲು ಹೋದರೂ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುತ್ತಿತ್ತು.

ಉಷಾರಾಣಿಯನ್ನು ಸಭೆಗೆ ಕರೆದವರೂ ಅವರೇ, ಅದೂ ಸಿಟ್ಟಿನಲ್ಲಿ. ಮೇ ತಿಂಗಳ ಟೂರ್ನಮೆಂಟಿನಲ್ಲಿ ಐದು ಗೋಲು ತಿಂದು ತಂಡ ಹೊರಗೆ ಬರುತ್ತಿದ್ದಾಗ ಗ್ಯಾಲರಿಯಲ್ಲಿ ಇವಳ ಬೈಗುಳ ನಿಂತಿರಲಿಲ್ಲ. "ಅಲ್ಲಿ ಕೂತು ಬೈಯೋದು ಎಂತ ದೊಡ್ಡದು ಮಾರಾಯ್ತಿ? ಮೀಟಿಂಗಿಗೆ ಬಂದು ಹೇಳು ನೋಡುವ," ಎಂದು ಅವರು ಕೆಳಗಿನಿಂದ ಕೂಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಇವಳು ಮಿಲ್ಲಿಗೆ ಬೀಗ ಹಾಕಿ, ತಲೆಗೂದಲ ಮೇಲಿನ ಹಿಟ್ಟು ಕೊಡವಿಕೊಂಡು ಬಂದೇಬಿಟ್ಟಳು.

ಕುಶಾಲನಗರದ ಹತ್ತಿರದ ಆ ಊರಿನಲ್ಲಿ ಅವಳದು ಹಿಟ್ಟಿನ ಮಿಲ್ಲು. ಮಾವ ಹಾಸನದ ಕಡೆಯಿಂದ ಬಂದು ನೆಲೆ ನಿಂತಾಗ ಹಾಕಿಸಿದ್ದು. ಮಿಷನ್ನಿನ ಸದ್ದಿಗಿಂತ ಒಂದು ಗೇಣು ಮೇಲೆ ಮಾತಾಡಿ ಮಾತಾಡಿ ಅವಳ ದನಿ ಹಾಗೇ ನಿಂತುಬಿಟ್ಟಿತ್ತು. ಮೈದಾನದ ಈ ಕಡೆ ಕೂಗಿದರೆ ಆ ಕಡೆಯ ಲೈನ್ಸ್‌ಮನ್ ಬೆಚ್ಚುತ್ತಿದ್ದ. ಗಂಡ ಚಂದ್ರು ಪಿಕಪ್ಪಿನಲ್ಲಿ ಶುಂಠಿ, ಜೋಳ ಸಾಗಿಸುತ್ತಿದ್ದ. ನವಜ್ಯೋತಿಯ ಗೋಲ್‌ಕೀಪರ್ ಕೂಡ ಅವನೇ. ಮದುವೆಯಾದ ಹೊಸತರಲ್ಲಿ ಗಂಡನ ಆಟ ನೋಡಲು ಹೋದವಳು ಆಮೇಲೆ ಆಟವನ್ನೇ ನೋಡಲು ಹೋಗತೊಡಗಿದಳು. ಮನೆಯಲ್ಲಿ ಗಂಡನಿಗೆ "ರೀ", "ನೀವು". ಹೆಸರು ಹಿಡಿದು ಕರೆದವಳಲ್ಲ. ಗ್ಯಾಲರಿ ಹತ್ತಿದಳೆಂದರೆ ಅದೇ ಮನುಷ್ಯ "ಏಯ್ ಕೀಪರ್, ನಿದ್ದೆ ಬಂತೇನೋ ನಿಂಗೆ!" ಆಗುತ್ತಿದ್ದ. ಆಟ ಮುಗಿದು ಗೇಟು ದಾಟಿದ ಮೇಲೆ ಮತ್ತೆ "ರೀ, ಬಿಸಿನೀರು ಕಾಯ್ಸಿಡ್ಲಾ?" ಊರಿನವರಿಗೆ ಇದೊಂದು ತಮಾಷೆ. ಚಂದ್ರುವೂ ನಗುತ್ತಿದ್ದ.

ಸಭೆಯಲ್ಲಿ ಉಷಾರಾಣಿ ಒಂದೊಂದೇ ಜಾಗವನ್ನು ಕಿತ್ತು ನೆಟ್ಟಳು. ದುಡ್ಡು ಕೊಟ್ಟು ಕಣ್ಣೂರಿನಿಂದ ಗೆಸ್ಟ್ ಪ್ಲೇಯರುಗಳನ್ನು ಕರೆಸುವುದು ನಿಲ್ಲಬೇಕು ಅಂದಳು. ಆಟದ ದಿನ ಬಸ್ಸಿಳಿದು ಬರುವವರಿಗೆ ನಮ್ಮವರ ಹೆಸರೇ ಗೊತ್ತಿರುವುದಿಲ್ಲ, ಪಾಸ್ ಕೇಳುವುದಾದರೂ ಹೇಗೆ? ಸುಂಟಿಕೊಪ್ಪದ ಕಡೆಯ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಲ್ಲಿ ಅಸ್ಸಾಮಿನ ಹುಡುಗರಿದ್ದಾರೆ. ಭಾನುವಾರ ಭಾನುವಾರ ಬರಿಗಾಲಿನಲ್ಲಿ ಆಡುತ್ತಾರೆ, ಹಿಟ್ಟು ಕೊಡಲು ಹೋದಾಗ ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಇಬ್ಬರನ್ನು ಎರಡೂ ಅಂಚಿಗೆ ಹಾಕಿ, ಓಡಿದರೆ ಹಿಡಿಯುವವರಿಲ್ಲ. ಸೋಮಯ್ಯನವರ ಮುಖ ನಿಧಾನವಾಗಿ ಅರಳುತ್ತ ಬಂತು.

"ಎಲ್ಲ ಸರಿ ಉಂಟು. ಗೋಲಿಗೆ?" ಅಂದರು.

ಜಗಲಿಯ ಕಂಬಕ್ಕೆ ಒರಗಿ ಚಂದ್ರು ಕೂತಿದ್ದ. ಅವನ ಕಡೆ ನೋಡಿದರೆ ಮಾತು ಹೊರಡುವುದಿಲ್ಲವೆಂದು ಉಷಾರಾಣಿಗೆ ಗೊತ್ತಿತ್ತು. ಸೋಮಯ್ಯನವರನ್ನೇ ನೋಡುತ್ತ, "ಗೋಲಿಗೂ ಹೊಸಬ್ರು ಬೇಕು. ಕೀಪರ್‌ಗೆ ವಯಸ್ಸಾಯ್ತು. ಎಡಗಡೆ ಬಿದ್ರೆ ಏಳೋದು ತಡ. ಐದ್ರಲ್ಲಿ ಮೂರು ಗೋಲು ಅಲ್ಲೇ ಹೋಗಿದ್ದು," ಅಂದಳು.

ಯಾರೂ ನಗಲಿಲ್ಲ.

"ಕುಶಾಲನಗರದ ಮಾರ್ಕೆಟ್ಟಲ್ಲಿ ಸುನಿಲ್ ಅಂತ ಒಬ್ಬ ಅವ್ನೆ," ಎಂದು ಅವಳು ಸ್ವಲ್ಪ ಬೇಗ ಬೇಗ ಮುಂದುವರಿಸಿದಳು. "ಲಾರಿ ಮೇಲಿಂದ ಕುಂಬಳಕಾಯಿ ಎಸೀತಾರಲ್ಲ, ಕೆಳಗೆ ನಿಂತು ಹಿಡೀತಾನೆ. ಒಂದೂ ಬಿಟ್ಟಿದ್ದು ನಾನು ನೋಡಿಲ್ಲ. ಕುಂಬಳಕಾಯಿ ಹಿಡಿದೋನಿಗೆ ಚೆಂಡೇನು ಭಾರವಾ?"

ಚಂದ್ರು ಎದ್ದು ಚಪ್ಪಲಿ ಮೆಟ್ಟಿಕೊಂಡ. ಪಿಕಪ್ಪು ಸ್ಟಾರ್ಟ್ ಆಗಿ ಹೊರಟುಹೋದ ಸದ್ದು ಎಲ್ಲರಿಗೂ ಕೇಳಿಸಿತು. ಸೋಮಯ್ಯನವರು ಮೀಸೆ ಸವರಿಕೊಂಡು, "ಆಯ್ತು, ಕರೆಸಿ ನೋಡುವ," ಅಂದರು. ಅವಳ ಮಾತು ನಡೆಯಿತು, ಅವಳು ಗೆದ್ದಳು. ಗೆದ್ದವಳು ಮನೆಗೆ ನಡೆದುಕೊಂಡು ಹೋದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಹುಚ್ಚಮ್ಮ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಅಂದವ್ರಾ? ಕಟ್ಕಂಡ ಗಂಡನ್ನ ಹತ್ತು ಜನದ ಮುಂದೆ ಮುದುಕ ಅಂದ್ಯಂತಲ್ಲೇ!"

"ಮುದುಕ ಅನ್ಲಿಲ್ಲ ಅತ್ತೆ, ವಯಸ್ಸಾಯ್ತು ಅಂದೆ."

"ಎರಡೂ ಒಂದೇ ಕಣೆ," ಅಂದಳು ಹುಚ್ಚಮ್ಮ.

ಚಂದ್ರು ಒಳಗೆ ಉಣ್ಣುತ್ತಿದ್ದ. ತಾನೇ ಬಡಿಸಿಕೊಂಡಿದ್ದ. ತಟ್ಟೆಯಿಂದ ತಲೆ ಎತ್ತದೆ, "ಮನೇಲಿ ಹೇಳಬಹುದಿತ್ತು," ಅಂದ.

"ಮನೇಲಿ ಹೇಳಿದ್ರೆ ಹೆಂಡ್ತಿ ಮಾತು ಅಂತ ನಕ್ಕು ಸುಮ್ನಾಗ್ತಿದ್ರಿ. ನಾನು ಹೇಳಿದ್ದು ಕ್ಲಬ್ಬಿನ ಮಾತು."

"ಹದಿನೈದು ವರ್ಷದಿಂದ ಆ ಗೋಲಲ್ಲಿ ನಿಂತಿದ್ದೀನಿ ಕಣೆ," ಅಂದ ಚಂದ್ರು. ಅಷ್ಟು ಹೇಳಿ ಕೈ ತೊಳೆದುಕೊಂಡ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇದು ಜಗಳವೇ ಆಗಿರಲಿಲ್ಲ, ಹಾಗಾಗಿ ಮುಗಿಯಲೂ ಇಲ್ಲ. ಆಷಾಢ ಕಳೆಯಿತು, ಶ್ರಾವಣ ಬಂತು. ಚಂದ್ರು ಮಿಲ್ಲಿಗೆ ಜೋಳ ತಂದು ಇಳಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಮೈದಾನದ ಕಡೆ ಮಾತ್ರ ಸುಳಿಯಲಿಲ್ಲ. ಹೆಬ್ಬಾಲೆಗೆ ಹೋಗುವುದಿದ್ದರೂ ಮೈದಾನದ ರಸ್ತೆ ಬಿಟ್ಟು ಸುತ್ತಿ ಬಳಸಿ ಹೋಗುತ್ತಿದ್ದ. ಉಷಾರಾಣಿ ತಾನು ಹೇಳಿದ್ದು ಸರಿ ಎಂದು ದಿನಕ್ಕೆ ನಾಲ್ಕು ಸಲ ತನಗೇ ಹೇಳಿಕೊಂಡಳು. ಸರಿಯಾಗಿಯೇ ಇತ್ತು. ಆದರೂ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಹೊಸ ತಂಡದ ಮೊದಲ ಆಟ ಪಕ್ಕದೂರಿನವರ ಜೊತೆಗೆ. ಮುಂದೆ ಬರುವ ದಸರಾ ಕಪ್ಪಿನ ಟೂರ್ನಮೆಂಟಿಗೆ ಅಭ್ಯಾಸವಾಗಲೆಂದು ಇಟ್ಟದ್ದು. ಅಸ್ಸಾಮಿನ ಹುಡುಗರು ಓಡಿದ ಓಟಕ್ಕೆ ಗ್ಯಾಲರಿಯೇ ಎದ್ದು ನಿಂತಿತು. ತೀರ್ಥಪ್ರಸಾದನನ್ನು ದಾಟಲು ಹೋದ ಇಬ್ಬರು ಅವನಿಗೆ ಬಡಿದು ಬಿದ್ದರು. ಸುನಿಲನ ಕೈಗೆ ಬಂದ ಚೆಂಡು ಒಂದೂ ಜಾರಲಿಲ್ಲ. ಎಲ್ಲ ಅವಳು ಹೇಳಿದ ಹಾಗೆಯೇ ಆಯಿತು. ಹಾಗಿದ್ದೂ ನವಜ್ಯೋತಿ ಮೂರು ಗೋಲಿನಿಂದ ಸೋತಿತು. ಸುನಿಲ್ ಹಿಡಿಯುತ್ತಾನೆಂದು ತೀರ್ಥಪ್ರಸಾದ್ ಬಿಟ್ಟ, ತೀರ್ಥಪ್ರಸಾದ್ ಒದೆಯುತ್ತಾನೆಂದು ಸುನಿಲ್ ನಿಂತ, ಇಬ್ಬರ ನಡುವೆ ಚೆಂಡು ಮದುವೆಮನೆಗೆ ಬಂದ ಬೀಗರಂತೆ ಆರಾಮವಾಗಿ ಒಳಗೆ ಹೋಯಿತು. ಮೂರು ಸಲವೂ ಹೀಗೆಯೇ.

ಉಷಾರಾಣಿ ಗ್ಯಾಲರಿಯಿಂದ ದಡದಡನೆ ಇಳಿದು ಬಂದಳು. "ಏನಣ್ಣ ಅದು, ಇಬ್ರೂ ಮುಖ ಮುಖ ನೋಡ್ಕಂಡು ನಿಂತಿದ್ರಿ?"

ತೀರ್ಥಪ್ರಸಾದ್ ಬೂಟು ಬಿಚ್ಚುತ್ತ ಹೇಳಿದ: "ಬೆನ್ನ ಹಿಂದೆ ನಮಗೆ ಕಣ್ಣುಂಟಾ ಅಕ್ಕ? ಕೀಪರ್ ಹೇಳ್ಬೇಕು, ಬಿಡು, ಒದಿ, ಎಡಕ್ಕೆ ಹೋಗು ಅಂತ. ಸುನಿಲ ಬಾಯೇ ಬಿಡೋದಿಲ್ಲ. ಚಂದ್ರಣ್ಣ ಇದ್ದಾಗ ನಮಗೆ ಆ ಚಿಂತೆಯೇ ಇರ್ಲಿಲ್ಲ."

"ಅವ್ರು ಮಾತಾಡ್ತಿದ್ರಾ?"

ತೀರ್ಥಪ್ರಸಾದ್ ಬೂಟು ಬಿಟ್ಟು ಅವಳ ಮುಖ ನೋಡಿದ. "ಆಟ ಶುರುವಾದ್ರೆ ಮುಗಿಯೋ ತನಕ ಬಾಯಿ ನಿಲ್ತಿರ್ಲಿಲ್ಲ ಅಕ್ಕ. ನೀವು ಅಷ್ಟು ವರ್ಷ ನೋಡಿದ್ದೀರಲ್ಲ, ಕೇಳ್ಲಿಲ್ವಾ?"

ಕೇಳಿರಲಿಲ್ಲ. ಮನೆಯಲ್ಲಿ ಎರಡು ಮಾತಿಗೆ ಮೂರನೆಯದನ್ನು ಸೇರಿಸದ ಮನುಷ್ಯ ಮೈದಾನದಲ್ಲಿ ಬಾಯಿ ನಿಲ್ಲಿಸುತ್ತಿರಲಿಲ್ಲವಂತೆ. ಗ್ಯಾಲರಿಯಲ್ಲಿ ಅವಳದೇ ಗಂಟಲು. ಅದರ ಮುಂದೆ ಇನ್ನೊಂದು ದನಿ ಕೇಳುವುದಾದರೂ ಹೇಗೆ? ಗಂಡನ ಎಡಗಾಲು, ಬಲಗೈ, ಬೀಳುವುದು, ಏಳುವುದು ಎಲ್ಲ ಅವಳಿಗೆ ಗೊತ್ತಿತ್ತು. ಅವನು ಅಲ್ಲಿ ಮಾಡುತ್ತಿದ್ದ ಕೆಲಸದಲ್ಲಿ ಅರ್ಧ ಗೊತ್ತೇ ಇರಲಿಲ್ಲ. ಉಷಾರಾಣಿಗೆ ನಾಚಿಕೆಯಾಯಿತು. ನಾಚಿಕೆ ಅವಳಿಗೆ ಅಷ್ಟು ರೂಢಿಯಿದ್ದ ಸಂಗತಿಯಲ್ಲ, ಮನೆಗೆ ಹೋಗುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಚಂದ್ರು ಹಾರಂಗಿ ನಾಲೆಯ ಪಕ್ಕದಲ್ಲಿ ಪಿಕಪ್ಪು ತೊಳೆಯುತ್ತಿದ್ದ. ಶುಂಠಿಯ ಕೆಂಪು ಮಣ್ಣು ಚಕ್ರದಿಂದ ಇಳಿಯುತ್ತಿತ್ತು. ಉಷಾರಾಣಿ ಹೋಗಿ ಎದುರು ನಿಂತಳು.

"ನಿನ್ನೆ ಸೋತ್ರು," ಅಂದಳು.

"ಕೇಳ್ದೆ."

"ಸುನಿಲ ಹಿಡೀತಾನೆ, ಮಾತಾಡಲ್ಲ. ನೀವು ಬಂದು ಗೋಲಿನ ಹಿಂದೆ ನಿಂತು ಅವನಿಗೆ ಹೇಳ್ಕೊಡ್ಬೇಕು."

ಚಂದ್ರು ಬಕೆಟ್ಟನ್ನು ಕೆಳಗಿಟ್ಟ. "ಹಂಗಾದ್ರೆ ನನ್ನ ತಗ್ದಿದ್ದು ತಪ್ಪಾಯ್ತು ಅಂತೀಯಾ?"

ಹೌದು ಅಂದುಬಿಟ್ಟರೆ ಅಲ್ಲಿಗೆ ಎಲ್ಲ ಸಲೀಸು. ಮನೆಯಲ್ಲಿ ಮತ್ತೆ ಮಾತು, ಹುಚ್ಚಮ್ಮನ ಮುಖದಲ್ಲಿ ನಗು, ದಸರಾ ಕಪ್ಪಿಗೆ ಅದೇ ಹಳೆಯ ಕೀಪರ್. ಆದರೆ ಆಟದ ವಿಷಯದಲ್ಲಿ ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ.

"ಇಲ್ಲ," ಅಂದಳು. "ಎಡಗಡೆ ಬಿದ್ರೆ ನೀವು ಏಳೋದು ತಡಾನೇ. ಗೋಲಿಂದ ತಗ್ದಿದ್ದು ಸರಿ. ಮೈದಾನದಿಂದ್ಲೇ ತಗ್ದಿದ್ದು ತಪ್ಪು. ನೀವು ಅಲ್ಲಿ ಮಾತಾಡ್ತಿದ್ರಿ ಅನ್ನೋದು ನಂಗೆ ಗೊತ್ತಿರ್ಲಿಲ್ಲ ಕಣ್ರೀ. ನನ್ನ ಬಾಯಿ ಸದ್ದಲ್ಲಿ ಕೇಳಿಸ್ಲಿಲ್ಲ."

ಚಂದ್ರು ಬಹಳ ಹೊತ್ತು ಚಕ್ರವನ್ನೇ ಉಜ್ಜಿದ. ಅದು ಆಗಲೇ ತೊಳೆದಾಗಿದ್ದ ಚಕ್ರ.

"ತಪ್ಪು ಅನ್ನೋ ಮಾತು ನಿನ್ನ ಬಾಯಲ್ಲೂ ಬರ್ತದಲ್ಲ," ಅಂದ ಕೊನೆಗೆ.

"ದಿನಾ ಬರಲ್ಲ."

ಅವನು ನಕ್ಕನೋ ಇಲ್ಲವೋ ಅವಳಿಗೆ ಕಾಣಲಿಲ್ಲ. ಆ ಸಂಜೆ ಪಿಕಪ್ಪು ಮೈದಾನದ ರಸ್ತೆಯಲ್ಲೇ ಬಂತು.

ದಸರಾ ಕಪ್ಪಿನ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಂದ್ರು ಗೋಲಿನ ಬಲೆಯ ಹಿಂದೆ, ಬಲೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಉಷಾರಾಣಿ ಬಾಯಿ ಬಿಗಿಹಿಡಿದು ಕೂತಳು. ಪಕ್ಕದಲ್ಲಿದ್ದ ನೆರೆಮನೆಯ ರಂಗಮ್ಮ ಎರಡು ಸಲ ತಿರುಗಿ ನೋಡಿ, "ಯಾಕವ್ವ, ಗಂಟಲು ಕಟ್ಟೈತಾ?" ಎಂದು ಕೇಳಿದಳು. ಜನರ ಗದ್ದಲದ ನಡುವೆಯೂ ಅವಳಿಗೆ ಚಂದ್ರುವಿನ ದನಿ ಕೇಳುತ್ತಿತ್ತು. ಬಲಕ್ಕೆ ಸುನಿಲ, ಬಲಕ್ಕೆ. ಮುಂದೆ ಹೋಗು. ತೀರ್ಥ, ಬಿಡು ಅದು ನಮ್ದು. ಎಷ್ಟು ಗಟ್ಟಿ ದನಿ! ಅರ್ಧ ಆಟ ಮುಗಿದಾಗ ಒಂದಕ್ಕೊಂದು ಗೋಲು, ಸಮ.

ಎರಡನೆಯ ಅರ್ಧದಲ್ಲಿ ಎದುರಾಳಿಗೆ ಕಾರ್ನರ್ ಸಿಕ್ಕಿತು. ಚೆಂಡು ಮೇಲೆದ್ದು ಬಂತು. ಚಂದ್ರು ಕೂಗಲೆಂದು ಬಾಯಿ ತೆರೆದ. ಅವನಿಗಿಂತ ಮೊದಲೇ, "ಕೀಪರ್!" ಎಂದು, ಚೆಂಡು ತನ್ನದು ಅನ್ನುವಂತೆ, ಸುನಿಲ್ ಕೂಗಿದ. ತೀರ್ಥಪ್ರಸಾದ್ ತಲೆ ಬಗ್ಗಿಸಿ ದಾರಿ ಬಿಟ್ಟ. ಚೆಂಡು ಸುನಿಲನ ಎದೆಯಲ್ಲಿತ್ತು.

ಗ್ಯಾಲರಿ ಕುಣಿಯಿತು. ಉಷಾರಾಣಿ ಮಾತ್ರ ಬಲೆಯ ಹಿಂದೆ ನೋಡುತ್ತಿದ್ದಳು. ಚಂದ್ರು ತೆರೆದ ಬಾಯನ್ನು ಮುಚ್ಚಿ ಒಂದು ಹೆಜ್ಜೆ ಹಿಂದೆ ಬಂದ. ಸುನಿಲ್ ಮತ್ತೆ ಕೂಗಿದ, "ಎಡಕ್ಕೆ, ಎಡಕ್ಕೆ ಹೋಗಣ್ಣ!" ಚಂದ್ರು ಇನ್ನೊಂದು ಹೆಜ್ಜೆ ಹಿಂದೆ ಬಂದ. ಹೀಗೆ ಬರುತ್ತ ಬರುತ್ತ ಬಿದಿರಿನ ಬೇಲಿಗೆ ಬೆನ್ನು ತಾಗಿತು. ಅಲ್ಲಿ ನಿಂತು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಮ್ಮೆ ಕಟ್ಟಿಕೊಂಡ, ಒಮ್ಮೆ ಇಳಿಬಿಟ್ಟ.

ಉಷಾರಾಣಿ ಆ ಕೈಗಳನ್ನೇ ನೋಡಿದಳು. ತಂಡ ಅವಳು ಹೇಳಿದಂತೆಯೇ ನಿಂತಿತ್ತು, ಒಂದು ಜಾಗವೂ ತಪ್ಪಿರಲಿಲ್ಲ. ಅವಳು ಎದ್ದು, ಜನರ ಮೊಣಕಾಲು ದಾಟಿಕೊಂಡು ಕೆಳಗಿಳಿದಳು. "ಆಟ ನಡೀತಾ ಐತಲ್ಲೇ, ಎಲ್ಲಿಗೆ?" ಎಂದು ರಂಗಮ್ಮ ಹಿಂದಿನಿಂದ ಕೂಗಿದಳು. ಮೈದಾನದ ಅಂಚಿನ ಸುಣ್ಣದ ಗೆರೆಯನ್ನು ಬಳಸಿಕೊಂಡು, ಊರೆಲ್ಲ ನೋಡುತ್ತಿರುವಂತೆ, ಗೋಲಿನ ಹಿಂದಕ್ಕೆ ಹೋದಳು.

"ಇಲ್ಲಿಂದ ಆಟ ಸರಿಯಾಗಿ ಕಾಣಲ್ಲ ಕಣೆ," ಅಂದ ಚಂದ್ರು.

"ಪರವಾಗಿಲ್ಲ."

ಬಲೆಯ ಆಚೆ ಸುನಿಲನ ಬೆನ್ನು, ಅದರಾಚೆ ತೀರ್ಥಪ್ರಸಾದನ ಅಗಲವಾದ ಬೆನ್ನು, ಅದರಾಚೆ ಬರೀ ಧೂಳು. ಚೆಂಡು ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ದನಿಗಳು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದವು. ಬಾ, ಬಾ. ಬಿಡು. ನಂದು. ಹಿಂದೆ ಒಬ್ಬ ಅವ್ನೆ ನೋಡು. ಹುಡುಗರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು. ಚಂದ್ರು ಬೇಲಿಗೆ ಒರಗಿದ್ದವನು ಒಂದಿಷ್ಟು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.