ಅತ್ತೆ ಗುಡಿಸಿದ ಹೊಳೆ

ನಮ್ಮ ಹೊಳೆಯನ್ನು ಸರಿಪಡಿಸಲು ಅನುದಾನ ಕೇಳಿದ್ದೆವು. ಹೊಳೆ ಸಂಘಕ್ಕೆ ನಾನೇ ಅಧ್ಯಕ್ಷೆ. ದಂಡೆಯ ಮೇಲೇ ನನ್ನ ಹೊಲಿಗೆ ಅಂಗಡಿ. ಹೊಳೆಯ ದುರವಸ್ಥೆ ನೋಡಲು ಬಂದ ಅಧಿಕಾರಿಣಿಯನ್ನು ಸೇತುವೆಯ ಬಳಿ ಕರೆದೊಯ್ದರೆ ದಂಡೆ ಕನ್ನಡಿಯಂತಿತ್ತು. ಹುಡುಕಿದರೂ ಒಂದು ಪ್ಲಾಸ್ಟಿಕ್ ಚೀಲವಿಲ್ಲ. ನನ್ನ ಅತ್ತೆ ಉದ್ದನೆಯ ಪೊರಕೆ ಹಿಡಿದು ನಿಂತಿದ್ದರು, ಹಿಂದೆ ಬೀದಿಯ ಹೆಂಗಸರೆಲ್ಲ.

"ಏನತ್ತೆ ಇದು?" ಎಂದೆ, ಹಲ್ಲು ಕಚ್ಚಿಕೊಂಡು.

"ಬರೋರಿಗೆ ಯಾರಾದ್ರೂ ಕಸ ತೋರಿಸ್ತಾರೇನೇ? ನಿನ್ನೆ ನೀನು ಪೇಟೆಗೆ ಹೋದಾಗ ಎಲ್ಲಾ ಸೇರಿ ಗುಡಿಸಿದ್ವಿ. ಸೊಂಟ ಬಿದ್ದುಹೋಯ್ತು."

ಅನುದಾನಕ್ಕೆ ಎಳ್ಳುನೀರು ಬಿಟ್ಟಾಗಿತ್ತು.

ಅಧಿಕಾರಿಣಿ ಹುಬ್ಬೇರಿಸಿದರು. "ಚೆನ್ನಾಗೇ ಇದೆಯಲ್ರೀ. ದುಡ್ಡು ಯಾಕೆ?"

ಈ ಅತ್ತೆಯ ಜೊತೆ ಇಷ್ಟು ವರ್ಷ ಬಾಳಿದವಳು ಇಷ್ಟಕ್ಕೆ ಸೋಲುತ್ತೇನೆಯೇ? ಪೊರಕೆ ಕಿತ್ತುಕೊಂಡು ತಿರುಗಿಸಿ, ಅದರ ಕೋಲನ್ನು ಹೊಳೆಯ ತಳಕ್ಕೆ ಚುಚ್ಚಿ ಕದಡಿದೆ. ಕಪ್ಪು ಕೆಸರು ಗುಳುಗುಳು ಮೇಲೆದ್ದಿತು. ನಾತ ತಾಳಲಾರದೆ ಅಧಿಕಾರಿಣಿ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಮೇಡಂ, ಪೊರಕೆಗೆ ಸಿಕ್ಕಿದ್ದನ್ನ ನಾವೇ ತೆಗೆದಿದ್ದೀವಿ. ಸಿಗದೇ ಇರೋದಕ್ಕೆ ನಿಮ್ಮನ್ನ ಕೇಳ್ತಿರೋದು."

ಅವರು ಮುಚ್ಚಿದ ಮೂಗಿನಲ್ಲೇ ನಕ್ಕರು. "ದುಡ್ಡು ಬರೋ ಮುಂಚೆ ಕೆಲಸ ಶುರು ಮಾಡಿದೋರನ್ನ ಇವತ್ತೇ ನೋಡಿದ್ದು. ಹೂಳೆತ್ತೋ ಯಂತ್ರಕ್ಕೆ ನಾನು ಬರೀತೀನಿ."

ಅತ್ತೆಯ ಮುಖ ಮಾತ್ರ ಗಂಟಾಗಿತ್ತು. ಕೆಸರು ಮೆತ್ತಿದ ಕೋಲನ್ನು ನನ್ನ ಕೈಯಿಂದ ಕಸಿದುಕೊಂಡು ಅಧಿಕಾರಿಣಿಯತ್ತ ತಿರುಗಿದರು.

"ಯಂತ್ರ ಯಾವತ್ತು ಬರುತ್ತೆ ಅಂತ ಮುಂಚೇನೇ ಹೇಳಿಬಿಡಮ್ಮ. ಗುಡಿಸಿಡ್ತೀವಿ."